ಮಧ್ಯಾಹ್ನದ ಅರ್ಧ ಗಂಟೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಈಗ ದೊಡ್ಡದೊಂದು ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕ್ಷೇಮಸಮಾಚಾರ ಮುಗಿದ ಮೇಲೆ, "ಸಾರ್, ಬೆನ್ನು ನೋವು ಬಿಡುತ್ತಿಲ್ಲ. ಡಾಕ್ಟರು ಮಧ್ಯಾಹ್ನ ಸ್ವಲ್ಪ ನಡೆಯಿರಿ ಅಂದಿದ್ದಾರೆ. ಊಟವನ್ನೇ ಕಂಪ್ಯೂಟರಿನ ಮುಂದೆ ಕೂತು ಮಾಡುವವನು ನಡೆಯುವುದು ಯಾವಾಗ?" ಎಂದ. "ಊಟಕ್ಕೆಂದು ಬಿಡುವು ಕೊಡುವುದಿಲ್ಲವೇನಪ್ಪಾ?" ಎಂದು ಕೇಳಿದೆ. "ಕೊಡುತ್ತಾರೆ ಸಾರ್, ನಾವೇ ತೆಗೆದುಕೊಳ್ಳುವುದಿಲ್ಲ" ಎಂದು ನಕ್ಕುಬಿಟ್ಟ.

ಅವನು ನಕ್ಕರೂ ನನಗೆ ನಗು ಬರಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಇತಿಹಾಸ ಹೇಳಿದವನು ನಾನು. ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ ಇವುಗಳ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಸಿದೆ. ಆದರೆ ಮಧ್ಯಾಹ್ನದ ಈ ಅರ್ಧ ಗಂಟೆಗೂ ಒಂದು ಇತಿಹಾಸವಿದೆ, ಅದನ್ನು ಕೇಳಿ ಪಡೆದವರಿದ್ದಾರೆ ಎಂಬುದನ್ನು ಒಂದು ದಿನವೂ ತರಗತಿಯಲ್ಲಿ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸೋಣವೆಂದು ಕುಳಿತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಕಡೆ ಎಂಬುದು ನಿಮಗೆಲ್ಲ ತಿಳಿದ ವಿಷಯ. ನಮ್ಮ ಬಾಲ್ಯದಲ್ಲಿ ಮಧ್ಯಾಹ್ನದ ಬಿಡುವನ್ನು ಯಾರೂ ಮಂಜೂರು ಮಾಡಬೇಕಾಗಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಮನೆಯಿಂದ ಮುದ್ದೆ, ಉಪ್ಪುಸಾರು ಹೊಲಕ್ಕೆ ಬರುತ್ತಿತ್ತು. ಎತ್ತುಗಳ ಕೊರಳು ಬಿಚ್ಚಿ, ಹೊಂಗೆಯ ನೆರಳಿನಲ್ಲಿ ಕೂತು ಉಂಡು, ತಲೆಯ ವಸ್ತ್ರವನ್ನೇ ದಿಂಬು ಮಾಡಿಕೊಂಡು ಒಂದು ಗಳಿಗೆ ಒರಗುವುದು. ಎತ್ತು ಮೆಲುಕು ಹಾಕಿ ಮುಗಿಸುವವರೆಗೆ ಮನುಷ್ಯನಿಗೂ ವಿಶ್ರಾಂತಿ. ದುಡಿಮೆ ಕಠಿಣವಾಗಿತ್ತು ನಿಜ, ಕೂಲಿಯವರಿಗೆ ಇನ್ನೂ ಕಠಿಣ. ಆದರೂ ನಡುಹಗಲಿನಲ್ಲಿ ನಿಲ್ಲಬೇಕೆಂಬುದು ಬಿಸಿಲೇ ಮಾಡಿದ ಕಾನೂನಾಗಿತ್ತು.

ಈ ಕಾನೂನು ಮುರಿದದ್ದು ಯಂತ್ರಗಳು ಬಂದಾಗ. ಉಗಿಯಂತ್ರಕ್ಕೆ ಬಿಸಿಲಿಲ್ಲ, ಹಸಿವಿಲ್ಲ. ಹತ್ತೊಂಬತ್ತನೆಯ ಶತಮಾನದ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಮೆ. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಏಳರಿಂದ ಹನ್ನೆರಡು ವರ್ಷದ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಒಂದು ಗಂಟೆ ಬಿಡುವು ಕೊಡಬೇಕು ಎಂದು ಅದರಲ್ಲಿತ್ತು. ಏಳು ವರ್ಷದ ಮಗುವಿಗೆ ಒಂಬತ್ತು ಗಂಟೆಯ ದುಡಿಮೆ ಕಾನೂನುಬದ್ಧವಾಗಿತ್ತು ಎಂಬುದನ್ನು ಓದುವಾಗ ಇಂದಿಗೂ ನನ್ನ ಕೈ ಪುಟದ ಮೇಲೆ ನಿಂತುಬಿಡುತ್ತದೆ. ವಯಸ್ಕರ ದುಡಿಮೆಯ ಅವಧಿಯ ವಿಷಯದಲ್ಲಂತೂ ಕಾಯಿದೆ ತುಟಿ ಬಿಚ್ಚಲಿಲ್ಲ.

1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಸಭೆ ಸೇರಿಸಿದರು. ಇವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಡಿ; ಗಿರಣಿಯ ಲೆಕ್ಕಪತ್ರದ ಕೆಲಸ ಮಾಡಿ ಕಾರ್ಮಿಕರ ಪಾಡನ್ನು ಕಣ್ಣಾರೆ ಕಂಡವರು. ಸಾವಿರಾರು ಮಂದಿ ರುಜು ಹಾಕಿ ಹೆಬ್ಬೆಟ್ಟು ಒತ್ತಿದ ಮನವಿಯನ್ನು ಸರ್ಕಾರದ ಆಯೋಗದ ಮುಂದಿಟ್ಟರು. ಅದರಲ್ಲಿದ್ದ ಬೇಡಿಕೆಗಳು ಎಷ್ಟು ಸಣ್ಣವು ನೋಡಿ: ಭಾನುವಾರ ರಜೆ, ಸಂಬಳ ತಿಂಗಳ 15ನೆಯ ತಾರೀಖಿನೊಳಗೆ, ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ, ಮತ್ತು ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಇಷ್ಟಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ಭಾನುವಾರದ ರಜೆಗೆ ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ. ಮಧ್ಯಾಹ್ನದ ಅರ್ಧ ಗಂಟೆ ಕಾನೂನಿನ ಪುಸ್ತಕ ಸೇರಿದ್ದು 1891ರ ತಿದ್ದುಪಡಿಯಲ್ಲಿ. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆಯು ಕನಿಷ್ಠ ಅರ್ಧ ಗಂಟೆಯ ವಿರಾಮವಿಲ್ಲದೆ ಯಾರನ್ನೂ ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸಬಾರದೆಂದು ವಿಧಿಸಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆಂದು ನಮ್ಮ ರಾಜ್ಯದಲ್ಲಿ 1961ರ ಪ್ರತ್ಯೇಕ ಕಾಯಿದೆಯಿದೆ. ವಿರಾಮದ ಮಾತು ಅದರಲ್ಲೂ ಉಂಟು. ನನ್ನ ವಿದ್ಯಾರ್ಥಿ "ನಾವೇ ತೆಗೆದುಕೊಳ್ಳುವುದಿಲ್ಲ" ಎಂದ ಆ ಅರ್ಧ ಗಂಟೆಯ ಹಿಂದೆ ಅಕ್ಷರ ಬಾರದವರ ಹೆಬ್ಬೆಟ್ಟುಗಳಿವೆ.

ಇನ್ನು ಕಚೇರಿಯ ಕಥೆಗೆ ಬರುತ್ತೇನೆ. ಮೇಷ್ಟ್ರಾಗುವ ಮುನ್ನ, 1980ರ ದಶಕದ ಮೊದಲ ವರ್ಷಗಳಲ್ಲಿ, ನಾನು ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕಚೇರಿ ಇದ್ದುದು ಕಬ್ಬನ್ ಪಾರ್ಕಿಗೆ ನಡೆದು ಹೋಗುವಷ್ಟು ಸಮೀಪದಲ್ಲಿ. ಊರು ಬಿಟ್ಟು ಬಂದ ಹುಡುಗ. ಕತ್ತಲೆ ಕೋಣೆ, ಕಡತಗಳ ಧೂಳು, ಮೇಲೆ ಕಿರ್ರೆನ್ನುವ ಫ್ಯಾನು. ಮೊದಲ ತಿಂಗಳು ಡಬ್ಬಿಯ ಚಿತ್ರಾನ್ನವನ್ನು ಮೇಜಿನ ಮೇಲೆಯೇ ತಿಂದು, ಅಲ್ಲೇ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆ. ಅದನ್ನು ಕಂಡ ಹಿರಿಯ ಗುಮಾಸ್ತರೊಬ್ಬರು ಒಂದು ದಿನ ಹೆಗಲು ತಟ್ಟಿ, "ಏಳಯ್ಯಾ, ಈ ವಯಸ್ಸಿಗೆ ಮಧ್ಯಾಹ್ನದ ನಿದ್ದೆಯೇ? ಬಾ, ಒಂದು ಸುತ್ತು ಹಾಕಿ ಬರೋಣ" ಎಂದರು. ಅವರನ್ನು ನಾವೆಲ್ಲ ರಾಯರು ಎಂದೇ ಕರೆಯುತ್ತಿದ್ದೆವು. ನಿವೃತ್ತಿಗೆ ಮೂರು ನಾಲ್ಕು ವರ್ಷ ಉಳಿದಿತ್ತು. ಕಚ್ಚೆಪಂಚೆಯ ಕಾಲ ಮುಗಿದಿದ್ದರೂ ಅವರು ಅದನ್ನು ಬಿಟ್ಟಿರಲಿಲ್ಲ, ಕೊಡೆಯನ್ನೂ ಬಿಟ್ಟಿರಲಿಲ್ಲ.

ಅಂದಿನಿಂದ ದಿನವೂ ಹತ್ತು ನಿಮಿಷದಲ್ಲಿ ಊಟ ಮುಗಿಸಿ ನಡೆಯಲು ಹೊರಡುವುದು ಅಭ್ಯಾಸವಾಯಿತು. ಹೈಕೋರ್ಟಿನ ಕೆಂಪು ಕಟ್ಟಡದ ಹಿಂಬದಿಯಿಂದ ಪಾರ್ಕಿನೊಳಗೆ ಇಳಿದು, ಬ್ಯಾಂಡ್ ಸ್ಟ್ಯಾಂಡ್ ಬಳಸಿ, ಕೇಂದ್ರ ಗ್ರಂಥಾಲಯದವರೆಗೆ ಹೋಗಿ, ಬಿದಿರುಮೆಳೆಗಳ ಪಕ್ಕದಿಂದ ಹಿಂತಿರುಗುವುದು. ಹುಲ್ಲಿನ ಮೇಲೆ ಪತ್ರಿಕೆ ಹಾಸಿಕೊಂಡು ಡಬ್ಬಿ ಬಿಚ್ಚುವ ಹೆಣ್ಣುಮಕ್ಕಳು, ಉಪ್ಪುಖಾರ ಸವರಿದ ಸೌತೆಕಾಯಿ ಮಾರುವವರು, ಕಡಲೆಕಾಯಿಯವರು, ಕರಿಕೋಟಿನ ವಕೀಲರು, ಮೊಕದ್ದಮೆಗೆ ಬಂದ ಹಳ್ಳಿಯವರು ಎಲ್ಲರೂ ಆ ನೆರಳಿನಲ್ಲಿ ಸಮಾನರು. ಬೇಸಿಗೆಯ ಮೊದಲಲ್ಲಿ ಜಕರಂಡದ ನೀಲಿ, ಅದು ಮುಗಿಯುತ್ತಲೇ ಗುಲ್‌ಮೊಹರದ ಕೆಂಪು. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ ಮಡಗಾಸ್ಕರಿನದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು ಎಂದು ಹೇಳಿಕೊಟ್ಟವರು ರಾಯರೇ. "ಬೇರೆ ಊರಿನಿಂದ ಬಂದು ಇಲ್ಲಿ ಬೇರು ಬಿಟ್ಟವು, ನಮ್ಮ ನಿನ್ನ ಹಾಗೆ" ಎನ್ನುತ್ತಿದ್ದರು.

ನಾನು ಇತಿಹಾಸವನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಆ ಸುತ್ತುಗಳಲ್ಲಿ ಕಲಿತೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಬೆಂಗಳೂರನ್ನು ಆಡಳಿತ ಕೇಂದ್ರ ಮಾಡಿದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಆಗ ಸರ್ಕಾರದ ಕಚೇರಿಗಳಿದ್ದುದು ಕೋಟೆಯೊಳಗಿನ ಟಿಪ್ಪು ಸುಲ್ತಾನನ ಅರಮನೆಯಲ್ಲಿ. ಹದಿನೆಂಟು ಇಲಾಖೆಗಳಿದ್ದುದರಿಂದ ಹಿಂದೂಸ್ತಾನಿಯ 'ಅಠಾರಾ' ಸೇರಿ ಜನರ ಬಾಯಲ್ಲಿ ಅದು ಅಠಾರಾ ಕಚೇರಿಯಾಯಿತು. ಸ್ಥಳ ಸಾಲದೆ 1864ರಲ್ಲಿ ಹೊಸ ಕಟ್ಟಡ ಆರಂಭವಾಗಿ 1868ರಲ್ಲಿ ಮುಗಿಯಿತು. ಅದರ ಗುತ್ತಿಗೆ ಹಿಡಿದವರು ಅರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಬಡಮಕ್ಕಳ ವಿದ್ಯೆಗೆ ಸುರಿದು, 1873ರಲ್ಲಿ ಶಾಲೆಯನ್ನು ತೆರೆದವರೂ ಅವರೇ. ಆರ್‌ಬಿಎಎನ್‌ಎಂ ಎಂದು ಇಂದಿಗೂ ಅವರ ಹೆಸರಿನಲ್ಲಿ ವಿದ್ಯಾಸಂಸ್ಥೆಗಳು ನಡೆಯುತ್ತಿವೆ. ಇದೇ ಇಂದಿನ ಹೈಕೋರ್ಟಿನ ಕೆಂಪು ಕಟ್ಟಡ.

ಕಚೇರಿ ಎದ್ದ ಎರಡೇ ವರ್ಷಕ್ಕೆ, 1870ರಲ್ಲಿ, ಅದರ ಹಿತ್ತಿಲಿನಂತೆ ಉದ್ಯಾನ ಎದ್ದಿತು. ರೂಪಿಸಿದವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಅಂದಿನ ವಿಸ್ತಾರ ಸುಮಾರು 100 ಎಕರೆ. ಅನಂತರ ಬೆಳೆದು 300 ಎಕರೆಯ ಸಮೀಪ ಬಂದಿತು. ಆಗ ಹಂಗಾಮಿ ಕಮಿಷನರ್ ಆಗಿದ್ದ ಜಾನ್ ಮೀಡ್ ಅವರ ಹೆಸರಿನಲ್ಲಿ ಮೊದಲು ಅದು ಮೀಡ್ಸ್ ಪಾರ್ಕ್. ಬಳಿಕ ಕಬ್ಬನ್ ಪಾರ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವವಾದ 1927ರಲ್ಲಿ ಅವರ ತಂದೆಯವರ ಹೆಸರಿನಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಆದರೂ ಆಟೋ ಹತ್ತಿ "ಚಾಮರಾಜೇಂದ್ರ ಉದ್ಯಾನಕ್ಕೆ ನಡೆಯಪ್ಪಾ" ಎಂದರೆ ಮೈಸೂರಿಗೇ ಕರೆದೊಯ್ದಾನೇನೋ! ಪಾರ್ಕಿನೊಳಗಿನ ಕೆಂಪು ಗ್ರಂಥಾಲಯ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿನ ಭವನ, 1915ರಲ್ಲಿ ಕಟ್ಟಿದ್ದು. 1956ರಲ್ಲಿ ವಿಧಾನಸೌಧ ಸಿದ್ಧವಾಗಿ ಸಚಿವಾಲಯ ರಸ್ತೆ ದಾಟಿ ಆಚೆಗೆ ಹೋಯಿತು. ಆದರೆ ಗುಮಾಸ್ತರು ಊಟದ ಹೊತ್ತಿಗೆ ರಸ್ತೆ ದಾಟಿ ಈಚೆಗೆ ಬರುವುದನ್ನು ಬಿಡಲಿಲ್ಲ.

ಉದ್ಯಾನವನ್ನು ನಿರ್ಮಿಸಿದವರ ಮನಸ್ಸಿನಲ್ಲಿದ್ದುದು ದೊರೆಗಳ ಸಾರೋಟು, ಸಂಜೆಯ ಬ್ಯಾಂಡು, ದೊರೆಸಾನಿಯರ ವಿಹಾರ. ಗುಮಾಸ್ತನ ಡಬ್ಬಿ ಅವರ ಲೆಕ್ಕದಲ್ಲಿರಲಿಲ್ಲ. ಆದರೆ ನೂರು ವರ್ಷದಲ್ಲಿ ಅದು ಮಧ್ಯಾಹ್ನದ ಮಟ್ಟಿಗೆ ಗುಮಾಸ್ತನದೇ ಆಯಿತು. ನನಗೆ ಇತಿಹಾಸದಲ್ಲಿ ಪ್ರಿಯವಾದ ಸಂಗತಿಗಳಲ್ಲಿ ಇದೂ ಒಂದು.

ಈಗ ಹೇಳಹೊರಟಿರುವುದನ್ನು ನಾನು ಮನೆಯವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಒಂದು ದಿನ ರಾಯರು ರಜೆಯಲ್ಲಿದ್ದರು. ನಾನೊಬ್ಬನೇ ನಡೆದು ಗ್ರಂಥಾಲಯಕ್ಕೆ ಹೋದೆ. ಪುಸ್ತಕವೊಂದು ಕೈಗೆ ಸಿಕ್ಕಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಚೇರಿಗೆ ಹಿಂತಿರುಗಿದಾಗ ಮುಕ್ಕಾಲು ಗಂಟೆ ತಡವಾಗಿತ್ತು. ನನ್ನ ಮೇಜಿನ ಬಳಿ ವೃದ್ಧರೊಬ್ಬರು ನಿಂತಿದ್ದರು. ಅರಕಲಗೂಡಿನ ಕಡೆಯವರು. ತೀರಿಹೋದ ಮಗನಿಗೆ ಬರಬೇಕಾದ ಹಣದ ಕಾಗದಕ್ಕಾಗಿ ಬಂದವರು. ಕಡತ ನನ್ನ ಬಳಿಯೇ ಇತ್ತು. ಸಾಹೇಬರ ರುಜುವೊಂದೇ ಬಾಕಿ. ಆದರೆ ಸಾಹೇಬರು ಅಷ್ಟರಲ್ಲಿ ಪ್ರವಾಸ ಹೊರಟುಹೋಗಿದ್ದರು. ಇನ್ನು ನಾಲ್ಕು ದಿನ ಬರುವುದಿಲ್ಲ.

ನನಗೆ ಮಾತೇ ಹೊರಡಲಿಲ್ಲ. ಆ ಹಿರಿಯರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರು. ಬೆಳಿಗ್ಗೆಯಿಂದ ಮೊಗಸಾಲೆಯ ಮೆಟ್ಟಿಲ ಮೇಲೆ ಕಾದಿದ್ದರು. ಅಲ್ಲೇ ಕೂತು ರಾಗಿರೊಟ್ಟಿಯ ಬುತ್ತಿ ಬಿಚ್ಚಿದ್ದರು. ಸೀಟಿನವರು ಊಟಕ್ಕೆ ಹೋಗಿದ್ದಾರೆ ಎಂದು ಯಾರೋ ಹೇಳಿದಾಗ, ಹೊರಗೆ ಹೋದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ನೀರು ಕುಡಿಯಲೂ ಎದ್ದಿರಲಿಲ್ಲವಂತೆ. ಅವರು ಬೈಯಲಿಲ್ಲ. "ಇರ್ಲಿ ಬುಡಿ ಸ್ವಾಮಿ, ಇನ್ನೊಂದ್ ದಪ ಬತ್ತೀನಿ. ನೀವೂ ಊಟ ಮಾಡ್ಬೇಕಲ್ವಾ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೋ ಏನೋ.

ಮರುದಿನ ರಾಯರಿಗೆ ಎಲ್ಲವನ್ನೂ ಒಪ್ಪಿಸಿದೆ. ಇನ್ನು ಮೇಲೆ ನಡೆಯಲು ಬರುವುದೇ ಇಲ್ಲ ಎಂದೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಡಿಗೆ ಏನು ತಪ್ಪು ಮಾಡಿತಯ್ಯಾ? ಬಿಡುವು ನಿನ್ನದು, ಯಾರಪ್ಪನದೂ ಅಲ್ಲ. ಗಂಟೆ ಮುಗಿದ ಮೇಲಿನ ಹೊತ್ತು ಮಾತ್ರ ಅವನದು. ಅದನ್ನು ನೀನು ತಿಂದೆ. ಗಡಿಯಾರ ನೋಡುವುದನ್ನು ಕಲಿ" ಎಂದರು. ಅವರಿಗೆ ಕೋಪ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರು ವಾರದ ಬಳಿಕ ಆ ಹಿರಿಯರು ಮತ್ತೆ ಬಂದರು. ರುಜುವಾದ ಕಾಗದವನ್ನು ಮೊದಲೇ ಸಿದ್ಧವಾಗಿಟ್ಟಿದ್ದೆ. ಬಂದ ಹತ್ತು ನಿಮಿಷದಲ್ಲಿ ಅವರ ಕೈಗಿತ್ತು, ಬಸ್ಸಿನ ಖರ್ಚನ್ನಾದರೂ ಕೊಡುತ್ತೇನೆಂದೆ. ತೆಗೆದುಕೊಳ್ಳಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡು, "ಊಟ ಆಯ್ತಾ ಸ್ವಾಮಿ?" ಎಂದು ಕೇಳಿದರು. ಗಂಟೆ ಆಗ ಹನ್ನೊಂದೂ ಆಗಿರಲಿಲ್ಲ. ನಮ್ಮ ಸೀಮೆಯಲ್ಲಿ ಅದು ಮಾತಾಡಿಸುವ ರೀತಿ, ನಾನೂ ಬಲ್ಲೆ. ಆದರೂ ಅಂದು ಆ ಮಾತು ಎದೆಗೆ ನಾಟಿತು.

ಒಂದೆರಡು ವರ್ಷದಲ್ಲಿ ಆ ಕೆಲಸ ಬಿಟ್ಟು ಬಿ.ಎಡ್. ಸೇರಿದೆ. ಇತಿಹಾಸ ಹೇಳುವ ಆಸೆ ಹುಟ್ಟಿಸಿದ್ದು ರಾಯರ ಸುತ್ತುಗಳು. ಇನ್ನೊಂದು ಸಂಗತಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು: ಮಧ್ಯಾಹ್ನದ ಗಂಟೆ ಹೊಡೆಯುವ ಮುನ್ನವೇ ಮೇಷ್ಟ್ರು ತರಗತಿಯ ಬಾಗಿಲಲ್ಲಿ ನಿಂತಿರುತ್ತಾರೆ ಎಂದು ನೀವು ಬೈದುಕೊಳ್ಳುತ್ತಿದ್ದಿರಿ. ಅದಕ್ಕೆ ಕಾರಣ ಅರಕಲಗೂಡಿನ ಆ ಹಿರಿಯರು. ಹಾಗೆಯೇ, ಊಟದ ಬಿಡುವಿನಲ್ಲಿ ನಿಮ್ಮನ್ನು ಕೂರಿಸಿಕೊಂಡು ಪಾಠ ಮುಂದುವರಿಸಿದವನೂ ನಾನಲ್ಲ. ನಿಮ್ಮದು ನಿಮಗೆ, ನನ್ನದು ನನಗೆ ಎಂಬ ನಿಯಮವನ್ನು ಎರಡು ಕಡೆಯಿಂದಲೂ ಪಾಲಿಸಿದೆನೆಂಬ ಸಮಾಧಾನವಿದೆ.

ನಾವು ನಡೆದ ಆ ನೆರಳೇ ಉಳಿದದ್ದು ಸುಲಭವಾಗಿ ಅಲ್ಲ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವಿ ಹೊಸದು ಕಟ್ಟುವ ಮಾತು ಬಂದಿತ್ತು. ನಾಗರಿಕರು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದರು, ಕಟ್ಟಡ ಉಳಿಯಿತು. ಉದ್ಯಾನಗಳ ರಕ್ಷಣೆಗೆಂದೇ 1975ರಲ್ಲಿ ರಾಜ್ಯ ಕಾಯಿದೆಯೊಂದನ್ನು ಮಾಡಿತ್ತು. ಆದರೂ 1998ರಲ್ಲಿ ಕಬ್ಬನ್ ಪಾರ್ಕಿನ ಗಡಿಯಿಂದ ಸುಮಾರು 32 ಎಕರೆಯನ್ನು ಹೊರಗಿಡುವ ನಿರ್ಧಾರ ಹೊರಬಿದ್ದಿತು. ಆಗ ಬೀದಿಗಿಳಿದು ಪ್ರತಿಭಟಿಸಿದವರಲ್ಲಿ ದಿನವೂ ಅಲ್ಲಿ ನಡೆಯುತ್ತಿದ್ದವರೂ ಇದ್ದರು. ನಡೆದು ಬಲ್ಲವನಿಗೆ ಮಾತ್ರ ನೆಲದ ಬೆಲೆ ಗೊತ್ತು. 2015ರಿಂದ ಭಾನುವಾರಗಳಂದು ಉದ್ಯಾನದೊಳಗೆ ವಾಹನ ಸಂಚಾರ ನಿಲ್ಲಿಸಿದರು. 2016ರಲ್ಲಿ ನೆಲದಡಿಯ ಮೆಟ್ರೋ ಓಡಲಾರಂಭಿಸಿ ಕಬ್ಬನ್ ಪಾರ್ಕಿನ ಹೆಸರಿನಲ್ಲೇ ಒಂದು ನಿಲ್ದಾಣವಾಯಿತು. ಹೈಕೋರ್ಟಿನ ಮುಂದೆ ಕುದುರೆಯೇರಿ ನಿಂತಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಗೆ ಸ್ಥಳಾಂತರಿಸಿದರು. ಬಹುಕಾಲ ಕಚೇರಿಯ ಕಡೆ ಇದ್ದ ದೊರೆಗೂ ಕೊನೆಗೆ ಮರದ ನೆರಳು ಸಿಕ್ಕಿತು ಎಂದು ನಾನು ನಕ್ಕೆ.

ನಡಿಗೆಯ ಲಾಭವನ್ನು ಕುರಿತು ವೈದ್ಯರು ಹೇಳುವುದನ್ನು ನಾನು ಮತ್ತೆ ಹೇಳಬೇಕಿಲ್ಲ. ಒಂದೇ ಒಂದು ಹಳೆಯ ಸಂಗತಿ ಸಾಕು. 1953ರಲ್ಲಿ ಲಂಡನ್ನಿನ ವೈದ್ಯ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಡೀ ದಿನ ಕೂತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುತ್ತ ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಅಂಚೆ ಇಲಾಖೆಯಲ್ಲೂ ಹಾಗೆಯೇ. ಕೂತವರಿಗಿಂತ ಊರು ಸುತ್ತಿ ಕಾಗದ ಹಂಚುವವರು ಮೇಲು. ಒಂದೇ ಇಲಾಖೆ, ಒಂದೇ ಊರು, ವ್ಯತ್ಯಾಸವೆಲ್ಲ ಕಾಲಿನದು.

ನನ್ನ ವಿದ್ಯಾರ್ಥಿಗೆ ಇಷ್ಟೆಲ್ಲ ಹೇಳಲಿಲ್ಲ. "ನಾಳೆಯಿಂದ ಹತ್ತು ನಿಮಿಷ ಊಟ, ಇಪ್ಪತ್ತು ನಿಮಿಷ ನಡಿಗೆ. ಪಾರ್ಕೇ ಬೇಕೆಂದಿಲ್ಲ, ಕಂಪನಿಯ ಸುತ್ತಲ ಮರಗಳ ಸಾಲೇ ಸಾಕು. ಒಬ್ಬನೇ ಹೋಗಬೇಡ, ಹೊಸದಾಗಿ ಸೇರಿದ ಹುಡುಗ ಯಾರಾದರೂ ಇದ್ದರೆ ಕರೆದುಕೊಂಡು ಹೋಗು" ಎಂದೆ. "ಆಗಲಿ ಸಾರ್" ಎಂದ. ಕಳೆದ ಭಾನುವಾರ ಮತ್ತೆ ಕರೆ ಮಾಡಿದ್ದ. ಬೆನ್ನು ನೋವು ಪೂರ್ತಿ ಹೋಗಿಲ್ಲವಂತೆ. ಆದರೆ ಬೀದರಿನಿಂದ ಬಂದ ಹೊಸ ಹುಡುಗನೊಬ್ಬ ದಿನವೂ ಜೊತೆಗೆ ಬರುತ್ತಿದ್ದಾನಂತೆ. ಗಂಟೆಗೆ ಸರಿಯಾಗಿ ಹಿಂತಿರುಗುತ್ತಾರಂತೆ.

ನಾನೂ ಈಗ ಹಳೇಕೋಟೆಗೆ ಹೋದಾಗ ಊಟವಾದ ಮೇಲೆ ಕೊಡೆ ಹಿಡಿದು ತೋಟದ ದಾರಿಯಲ್ಲಿ ಒಂದು ಸುತ್ತು ಹಾಕುತ್ತೇನೆ. ನನ್ನನ್ನು ಕಾಯುವ ಕಡತ ಯಾವುದೂ ಇಲ್ಲ. ಆದರೂ ಅರ್ಧ ಗಂಟೆಯಾಗುತ್ತಲೇ ಕೈ ತಾನಾಗಿ ಗಡಿಯಾರದ ಕಡೆ ಹೋಗುತ್ತದೆ. ರಾಯರು ಈಗಿಲ್ಲ. ನಿಮ್ಮೂರಿನಲ್ಲಿ, ನಿಮ್ಮ ಕಚೇರಿಯ ಪಕ್ಕದಲ್ಲಿ ನಡೆಯುವ ನೆರಳು ಯಾವುದಿದೆ, ಬರೆದು ತಿಳಿಸಿ.